ಅಂತಿಗೊನೆಯ ಹಿಡಿಮಣ್ಣು: ಗ್ರೀಕ್ ರುದ್ರನಾಟಕವೂ ಶಿವಮೊಗ್ಗ ಸೀಮೆಯ ಕನ್ನಡ ಬರಹವೂ

ಅನ್ಯದೇಶದ ಪುರಾಣಕಥೆಯೊಂದು ಕನ್ನಡಕ್ಕೆ ಬಂದಾಗ ಅದನ್ನು ಎದುರುಗೊಳ್ಳುವ ರೀತಿಗಳು ಸಾಮಾನ್ಯವಾಗಿ ಎರಡು. ಜ್ಯೂಸನನ್ನು ಇಂದ್ರನೆಂದೂ ಹೆಲೆನಳನ್ನು ಸೀತೆಯೆಂದೂ ಅಕಿಲೀಸನನ್ನು ಕರ್ಣನೆಂದೂ ಹೆಸರಿಸಿ, 'ಇದೆಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತು' ಎಂದು ಸಮಾಧಾನಪಡುವುದು ಮೊದಲನೆಯ ರೀತಿ. 'ಇದು ನಮ್ಮ ಸಂಸ್ಕಾರಕ್ಕೆ ಹೊರತಾದದ್ದು' ಎಂದು ದೂರವಿಡುವುದು ಎರಡನೆಯದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ತೋರಿದರೂ ಇವುಗಳ ಫಲ ಒಂದೇ. ಎರಡೂ ಕೃತಿಯನ್ನು ಓದುವ ಶ್ರಮದಿಂದ ಓದುಗನನ್ನು ಪಾರುಮಾಡುತ್ತವೆ. ಮೂರನೆಯ ರೀತಿಯೊಂದುಂಟು. ಆ ಕಥೆ ಎತ್ತಿದ ಪ್ರಶ್ನೆಯನ್ನು ತನ್ನ ನೆಲದ ಮೇಲೆ ನಿಂತು, ತನ್ನ ನುಡಿಯಲ್ಲಿ, ತನಗೇ ಕೇಳಿಕೊಳ್ಳುವುದು ಅದು. ಇದು ಕಠಿನವಾದ ಮಾರ್ಗ. ಇಪ್ಪತ್ತನೆಯ ಶತಮಾನದ ಕನ್ನಡದಲ್ಲಿ ಈ ಮಾರ್ಗವನ್ನು ಹಿಡಿದವರಲ್ಲಿ ಶಿವಮೊಗ್ಗ ಸೀಮೆಯ ಲೇಖಕರು ಪ್ರಮುಖರೆಂಬುದು ಗಮನಾರ್ಹ ಸಂಗತಿ. ಅವರನ್ನು ಕಾಡಿದ ಪ್ರಶ್ನೆಯಾದರೂ ಗ್ರೀಕ್ ಸಾಹಿತ್ಯದ ಹೃದಯಸ್ಥಾನದಲ್ಲಿರುವಂಥದು: ಸತ್ತವನ ದೇಹಕ್ಕೆ ಬದುಕಿರುವವರು ಸಲ್ಲಿಸಬೇಕಾದುದೇನು? ಅದನ್ನು ಬೇಡವೆನ್ನುವ ಅಧಿಕಾರ ಯಾರಿಗಿದೆ?

ಹೋಮರನ 'ಇಲಿಯಡ್' ವೀರರ ಕಲಹದಿಂದ ಆರಂಭವಾಗುತ್ತದೆಯಾದರೂ ಮುಗಿಯುವುದು ಟ್ರಾಯ್ ನಗರದ ಪತನದಿಂದಲ್ಲ, ಒಂದು ಶವಸಂಸ್ಕಾರದಿಂದ. ಹೆಕ್ಟರನನ್ನು ಕೊಂದ ಅಕಿಲೀಸನು ಅವನ ದೇಹವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ; ಕಡೆಗೆ ಮುದುಕನಾದ ಪ್ರಿಯಮನು ಶತ್ರುವಿನ ಬಿಡಾರಕ್ಕೆ ಬಂದು, ಮಗನನ್ನು ಕೊಂದ ಕೈಗಳನ್ನೇ ಮುತ್ತಿಟ್ಟು, ಮಗನ ದೇಹವನ್ನು ಬೇಡಿ ಒಯ್ಯುತ್ತಾನೆ. ಸೊಫೊಕ್ಲೀಸನ 'ಏಜಾಕ್ಸ್' ನಾಟಕದ ಉತ್ತರಾರ್ಧವೆಲ್ಲ ಸತ್ತ ವೀರನನ್ನು ಹೂಳಬೇಕೇ ಬೇಡವೇ ಎಂಬ ವಾಗ್ವಾದ. ಅವನ 'ಅಂತಿಗೊನೆ' ನಾಟಕಕ್ಕಂತೂ ಇದೇ ಸರ್ವಸ್ವ. ಥೀಬ್ಸ್ ನಗರಕ್ಕಾಗಿ ಕಾದಾಡಿದ ಅಣ್ಣತಮ್ಮಂದಿರಿಬ್ಬರು ಒಬ್ಬರನ್ನೊಬ್ಬರು ಇರಿದು ಸಾಯುತ್ತಾರೆ. ನಗರವನ್ನು ಕಾಯ್ದ ಎಟಿಯೊಕ್ಲೀಸನಿಗೆ ರಾಜಮರ್ಯಾದೆ. ನಗರದ ಮೇಲೆ ದಂಡೆತ್ತಿ ಬಂದ ಪಾಲಿನೈಸಿಸನ ಹೆಣ ನಾಯಿ ಹದ್ದುಗಳ ಪಾಲು. ಹೊಸ ದೊರೆ ಕ್ರೆಯಾನನ ಶಾಸನ ಇದು. ಸತ್ತವರ ತಂಗಿ ಅಂತಿಗೊನೆ ಆ ಶಾಸನವನ್ನು ಮೀರಿ ಅಣ್ಣನ ದೇಹದ ಮೇಲೆ ಒಣಮಣ್ಣನ್ನು ಚೆಲ್ಲುತ್ತಾಳೆ. ಅಷ್ಟೇ ಅವಳ ಅಪರಾಧ. ಅದಕ್ಕಾಗಿ ಅವಳನ್ನು ಜೀವಸಹಿತ ಗುಹೆಯಲ್ಲಿ ಮುಚ್ಚಲಾಗುತ್ತದೆ.

ಈ ಕಥೆಯನ್ನು ಓದುವ ಇಂದಿನ ವಿದ್ಯಾರ್ಥಿಗೆ ಕ್ರೆಯಾನನು ಕೇವಲ ದುಷ್ಟನಾಗಿ ತೋರುವುದು ಸಹಜ. ಆದರೆ ನಾಟಕ ಹುಟ್ಟಿದ ಕಾಲದ ಇತಿಹಾಸವನ್ನು ಅರಿತವನು ಹಾಗೆ ಹೇಳಲಾರ. 'ಅಂತಿಗೊನೆ'ಯು ಕ್ರಿಸ್ತಪೂರ್ವ 441ರ ಸುಮಾರಿಗೆ ಅಥೆನ್ಸಿನಲ್ಲಿ ಪ್ರಯೋಗಗೊಂಡಿತೆಂದು ವಿದ್ವಾಂಸರ ಊಹೆ. ದೇಶದ್ರೋಹಿಗಳನ್ನೂ ದೇವಾಲಯದ ಸೊತ್ತನ್ನು ಕದ್ದವರನ್ನೂ ತನ್ನ ನೆಲದೊಳಗೆ ಹೂಳಗೊಡದಿರುವ ಕಟ್ಟಳೆ ಅಥೆನ್ಸಿನಲ್ಲಿಯೂ ಇದ್ದಿತು. ಅಂದರೆ ಕ್ರೆಯಾನನ ಮಾತು ಪ್ರೇಕ್ಷಕರ ಕಿವಿಗೆ ಹೊಸದಾಗಿರಲಿಲ್ಲ. ಅವನು ಮಾಡಿದ ಅತಿರೇಕವೆಂದರೆ ಹೆಣವನ್ನು ಗಡಿಯಾಚೆ ಕಳುಹಿಸಲೂ ಒಪ್ಪದೆ ಎಲ್ಲರ ಕಣ್ಣೆದುರಿಗೆ ಕೊಳೆಯಲು ಬಿಟ್ಟದ್ದು. ಇದೇ ನಗರ ಕ್ರಿಸ್ತಪೂರ್ವ 406ರಲ್ಲಿ ಆರ್ಗಿನೂಸಿಯ ನೌಕಾಯುದ್ಧದಲ್ಲಿ ಗೆದ್ದಿತು. ಆದರೆ ಬಿರುಗಾಳಿಯ ಕಾರಣದಿಂದ ನೀರಿಗೆ ಬಿದ್ದ ತಮ್ಮವರನ್ನು ಎತ್ತಿ ತರಲಿಲ್ಲವೆಂದು, ಗೆದ್ದುಬಂದ ಸೇನಾನಿಗಳಲ್ಲಿ ಆರು ಮಂದಿಗೆ ಮರಣದಂಡನೆ ವಿಧಿಸಿತು. ಅವರನ್ನೆಲ್ಲ ಒಟ್ಟಿಗೆ ವಿಚಾರಿಸುವುದು ನ್ಯಾಯವಿರುದ್ಧವೆಂದು ಆ ದಿನ ಎದ್ದುನಿಂತವನು ಸಾಕ್ರಟೀಸ್. ಅಥೆನ್ಸಿಗೆ ಮಹಾಮಾರಿ ಬಂದ ಕ್ರಿಸ್ತಪೂರ್ವ 430ರ ವರ್ಷವನ್ನು ವರ್ಣಿಸುವಾಗ ಇತಿಹಾಸಕಾರ ಥ್ಯುಸಿಡಿಡೀಸನು, ಜನ ಬೇರೆಯವರ ಚಿತೆಗಳ ಮೇಲೆ ತಮ್ಮವರ ಹೆಣಗಳನ್ನು ಎಸೆದು ಹೋದರೆಂಬುದನ್ನು ನಾಗರಿಕತೆಯ ಕುಸಿತದ ಗುರುತಾಗಿ ಬರೆದಿಟ್ಟಿದ್ದಾನೆ. ಹೀಗೆ ಗ್ರೀಕರಿಗೆ ಶವಸಂಸ್ಕಾರವೆಂಬುದು ಮನೆಯೊಳಗಿನ ಕರ್ಮಮಾತ್ರವಾಗಿರದೆ ರಾಜ್ಯದ ಯೋಗ್ಯತೆಯನ್ನು ಅಳೆಯುವ ಒರೆಗಲ್ಲೂ ಆಗಿದ್ದಿತು.

ಈ ಪ್ರಶ್ನೆಯನ್ನು ಕನ್ನಡಕ್ಕೆ ಮೊದಲು ತಂದ ಗೌರವ ಬಿ.ಎಂ. ಶ್ರೀಕಂಠಯ್ಯನವರಿಗೆ ಸಲ್ಲುತ್ತದೆ. ರುದ್ರನಾಟಕವೆಂಬ ಪ್ರಕಾರವನ್ನು ಕನ್ನಡಿಗರಿಗೆ ಪರಿಚಯಿಸಿದ ಅವರು 1929ರಲ್ಲಿ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಆಗಿ ರೂಪಾಂತರಿಸಿದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಅನುವಾದಿಸಿದರು. ಎರಡನೆಯದರಲ್ಲಿ ಗ್ರೀಕ್ ಕಥೆ ಗ್ರೀಕ್ ಕಥೆಯಾಗಿಯೇ ಉಳಿದಿದೆ. ಮೊದಲನೆಯದರಲ್ಲಿ ಅದು ಮಹಾಭಾರತದ ವೇಷ ತೊಟ್ಟಿದೆ. ಈ ವೇಷಾಂತರದಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಅಭಿಮಾನಭಂಗದಿಂದ ಕುದಿಯುವ ವೀರನ ಚಿತ್ರ ಕನ್ನಡಿಗರ ಹೃದಯವನ್ನು ನೇರವಾಗಿ ಮುಟ್ಟಿತು. ಆದರೆ ಚಿರಂಜೀವಿಯೆಂದು ಜನಮನದಲ್ಲಿ ನೆಲಸಿದ ಅಶ್ವತ್ಥಾಮನು ರಂಗದ ಮೇಲೆ ಸಾಯುವುದನ್ನು ಒಪ್ಪಿಕೊಳ್ಳುವುದು ಹಲವರಿಗೆ ಕಷ್ಟವಾಯಿತು. ಈ ಆಕ್ಷೇಪದ ಹಿಂದೆ ಪುರಾಣಶ್ರದ್ಧೆಗಿಂತ ಆಳವಾದ ಒಂದು ಕಾರಣವಿದೆ. ವಾಲ್ಮೀಕಿಯ ರಾಮನು ರಾವಣನು ಬಿದ್ದೊಡನೆಯೇ ವೈರ ಮರಣದೊಂದಿಗೆ ಮುಗಿಯಿತೆಂದು ಹೇಳಿ, ಅಣ್ಣನ ಸಂಸ್ಕಾರವನ್ನು ನಡೆಸೆಂದು ವಿಭೀಷಣನನ್ನು ಪ್ರೇರಿಸುತ್ತಾನೆ. ಗ್ರೀಕರು ಒಂದು ನಾಟಕದುದ್ದಕ್ಕೂ ಚರ್ಚಿಸಿದ ಪ್ರಶ್ನೆ ಇಲ್ಲಿ ಒಂದೇ ಮಾತಿನಲ್ಲಿ ತೀರಿಹೋಗುತ್ತದೆ. ಉತ್ತರ ಮೊದಲೇ ಇರುವ ಪರಂಪರೆಯೊಳಕ್ಕೆ ಪ್ರಶ್ನೆಯನ್ನು ಕರೆತಂದರೆ ಅದರ ಮೊನೆ ಮೊಂಡಾಗುವ ಅಪಾಯವುಂಟು. ಶ್ರೀಕಂಠಯ್ಯನವರ ಪ್ರತಿಭೆಯೂ ಈ ಅಪಾಯವನ್ನು ಸಂಪೂರ್ಣವಾಗಿ ದಾಟಲಿಲ್ಲವೆಂದೇ ಹೇಳಬೇಕು.

ಮೊನೆಯನ್ನು ಉಳಿಸಿಕೊಳ್ಳಬೇಕಾದರೆ ಉತ್ತರವು ಸಿದ್ಧವಾಗಿಲ್ಲದ ಸಂದರ್ಭವನ್ನೇ ನಮ್ಮ ಬಾಳಿನಲ್ಲಿ ಹುಡುಕಬೇಕಾಗುತ್ತದೆ. ಆ ಹುಡುಕಾಟ ಮಲೆನಾಡಿನಲ್ಲಿ ನಡೆಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು 1931ರ 'ಶ್ಮಶಾನ ಕುರುಕ್ಷೇತ್ರಂ' ನಾಟಕದಲ್ಲಿ ಗೆದ್ದವರ ಸಿಂಹಾಸನವನ್ನು ಬಿಟ್ಟು ಯುದ್ಧ ಮುಗಿದ ಇರುಳಿನ ರಣಭೂಮಿಗೆ ಕಣ್ಣು ತಿರುಗಿಸಿದರು. ಹೆಣಗಳ ನಡುವೆ ತಮ್ಮವರನ್ನು ಅರಸುತ್ತ ಅಲೆಯುವ ಹೆಂಗಸರನ್ನು ರಂಗಕ್ಕೆ ತಂದರು. ಮುಂದೆ 'ಶ್ರೀರಾಮಾಯಣ ದರ್ಶನಂ' ಮಹಾಕಾವ್ಯದ ಆರಂಭದಲ್ಲಿ ವಂದಿಸುವ ಕವಿಗಳ ಸಾಲಿನಲ್ಲಿ ಹೋಮರನನ್ನೂ ಸೇರಿಸಿದ ಈ ಕವಿ, ಹೋಮರನ ಕ್ರಮದ ಮಹೋಪಮೆಗಳಿಗೆ ಸಹ್ಯಾದ್ರಿಯ ಕಾಡು, ಬೇಟೆ, ಮಳೆಗಳನ್ನು ತುಂಬಿದರು. ಇಲ್ಲಿ ಗ್ರೀಕ್ ಪ್ರಭಾವವು ವೇಷವಾಗಿ ಉಳಿಯದೆ ಕಣ್ಣಾಗಿ ಕೆಲಸಮಾಡಿದೆ.

ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಗ್ರೀಕ್ ಕಥೆಯ ಅನುವಾದವೂ ಅಲ್ಲ, ರೂಪಾಂತರವೂ ಅಲ್ಲ. ಆದರೂ ಸೊಫೊಕ್ಲೀಸನನ್ನು ಓದಿದವನು ಆ ಕಾದಂಬರಿಯನ್ನು ಕೈಗೆತ್ತಿಕೊಂಡರೆ ಬೆರಗಾಗುತ್ತಾನೆ. 'ಅಂತಿಗೊನೆ'ಯ ಹೂಳದ ಹೆಣ, 'ಈಡಿಪಸ್'ನ ಮಹಾಮಾರಿ ಇವೆರಡೂ ಇಲ್ಲಿ ಒಂದೇ ಅಗ್ರಹಾರದಲ್ಲಿ ಕೂಡಿವೆ. ಶಿವಮೊಗ್ಗಕ್ಕೆ ಹೋಗಿಬಂದ ನಾರಣಪ್ಪ ಜ್ವರದಿಂದ ಸಾಯುತ್ತಾನೆ. ಬ್ರಾಹ್ಮಣ್ಯವನ್ನು ಧಿಕ್ಕರಿಸಿದವನಿಗೆ ಸಂಸ್ಕಾರ ಮಾಡುವವರಾರು ಎಂಬುದು ಇತ್ಯರ್ಥವಾಗದೆ ಅಗ್ರಹಾರ ಉಪವಾಸ ಕೂರುತ್ತದೆ. ಇಲಿಗಳು ಬೀಳುತ್ತವೆ, ಹದ್ದುಗಳು ಇಳಿಯುತ್ತವೆ. ಪ್ರಾಣೇಶಾಚಾರ್ಯರು ಶಾಸ್ತ್ರಗ್ರಂಥಗಳಲ್ಲಿ ಉತ್ತರವನ್ನು ಹುಡುಕುತ್ತಿರುವಾಗ ಅಂತಿಗೊನೆಯ ಕೆಲಸವನ್ನು ಮಾಡುವವಳು ಚಂದ್ರಿ. ರಕ್ತಸಂಬಂಧವೂ ಇಲ್ಲದ, ಕುಲದ ಅಧಿಕಾರವೂ ಇಲ್ಲದ ಹೆಂಗಸು. ಅಹಮದ್ ಬ್ಯಾರಿಯ ನೆರವಿನಿಂದ ಇರುಳಿನಲ್ಲಿ ಅವಳು ಹೆಣವನ್ನು ಸುಡಿಸುತ್ತಾಳೆ. ಸೊಫೊಕ್ಲೀಸನಲ್ಲಿ ದೊರೆಯ ಶಾಸನಕ್ಕೆ ಎದುರಾಗಿ ದೇವತೆಗಳ ಅಲಿಖಿತ ಶಾಸನವಾದರೂ ಇದ್ದಿತು. ಇಲ್ಲಿ ಲಿಖಿತವಾದ ದೇವಶಾಸನವೇ ಮೂಕವಾಗಿದೆ. ಆದುದರಿಂದ ಚಂದ್ರಿಯು ಯಾವ ಧರ್ಮದ ಹೆಸರನ್ನೂ ಎತ್ತದೆ ಮಾಡಬೇಕಾದುದನ್ನು ಮಾಡಿ ಹೊರಟುಹೋಗುತ್ತಾಳೆ. ಗ್ರೀಕ್ ಪ್ರಶ್ನೆ ಕನ್ನಡದ ನೆಲದಲ್ಲಿ ಪಡೆದ ಹೊಸ ಮೊನೆ ಇದು.

ಈ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಲನಚಿತ್ರವಾಗಿಸಿದಾಗ ನಾರಣಪ್ಪನ ಪಾತ್ರವನ್ನು ಧರಿಸಿದವರು ಪಿ. ಲಂಕೇಶ್. ಸಂಸ್ಕಾರವಿಲ್ಲದೆ ಬಿದ್ದ ಆ ಹೆಣದ ಪಾತ್ರವನ್ನು ವಹಿಸಿದವರೇ ಅದೇ ಕಾಲದಲ್ಲಿ 'ದೊರೆ ಈಡಿಪಸ್ ಮತ್ತು ಅಂತಿಗೊನೆ' ಎಂದು ಸೊಫೊಕ್ಲೀಸನ ಎರಡು ನಾಟಕಗಳನ್ನು ಕನ್ನಡಕ್ಕೆ ತಂದರು. 1935ರಲ್ಲಿ ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಒಕ್ಕಲು ಮನೆತನದಲ್ಲಿ ಹುಟ್ಟಿ 2000ದಲ್ಲಿ ತೀರಿಕೊಂಡ ಲಂಕೇಶರು ಈ ಅನುವಾದದಲ್ಲಿ ಶ್ರೀಕಂಠಯ್ಯನವರ ಮಾರ್ಗವನ್ನು ಹಿಡಿಯಲಿಲ್ಲ. ಅವರ ಈಡಿಪಸ್ ಈಡಿಪಸನೇ, ಥೀಬ್ಸ್ ಥೀಬ್ಸೇ. ಹೆಸರು, ಊರು, ದೇವತೆ ಯಾವುದಕ್ಕೂ ಕನ್ನಡದ ವೇಷವಿಲ್ಲ. ಬದಲಾದದ್ದು ಮಾತು. ಹಳಗನ್ನಡದ ಗಾಂಭೀರ್ಯವನ್ನು ಆಶ್ರಯಿಸದೆ ಆಡುನುಡಿಗೆ ಸಮೀಪವಾದ, ಬಿಗುವಾದ ಕನ್ನಡದಲ್ಲಿ ದೊರೆಗಳೂ ಕಾವಲುಗಾರರೂ ಮಾತನಾಡುತ್ತಾರೆ. ಇದರಿಂದ ಮೇಳಗೀತಗಳ ಛಂದೋವೈಭವ ಕಡಿಮೆಯಾಯಿತೆಂಬ ಕೊರತೆಯನ್ನು ಮರೆಮಾಚಬೇಕಾಗಿಲ್ಲ. ಗ್ರೀಕ್ ಕೃತಿಗಳು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ಬಂದಿರುವುದರಿಂದ ಆ ನಷ್ಟ ಒಂದು ಹೆಜ್ಜೆ ಮೊದಲೇ ಆಗಿರುತ್ತದೆ. ಪಡೆದ ಲಾಭ ಮಾತ್ರ ದೊಡ್ಡದು. ಕಥೆ ದೂರದ್ದಾಗಿಯೇ ಉಳಿದು ಮಾತು ಹತ್ತಿರದ್ದಾದಾಗ, ಓದುಗನು ಪಾತ್ರಗಳನ್ನು ತನ್ನವರೆಂದು ತಪ್ಪಾಗಿ ಭಾವಿಸದೆಯೇ ಅವರ ಪ್ರಶ್ನೆಯನ್ನು ತನ್ನದೆಂದು ಕೇಳಿಸಿಕೊಳ್ಳುತ್ತಾನೆ.

ಇಲ್ಲಿ ಕನ್ನಡ ನುಡಿಯೇ ನಾಟಕಕ್ಕೆ ಒದಗಿಬರುವ ಒಂದು ವಿಶೇಷವುಂಟು. ಹೂಳುವ ಸಂಪ್ರದಾಯದ ಮನೆಗಳಲ್ಲಿ ಸತ್ತವರನ್ನು 'ಮಣ್ಣು ಮಾಡುವುದು' ಎನ್ನುತ್ತಾರೆ. ಆ ಕಾರ್ಯಕ್ಕೆ ಹೋಗುವುದೆಂದರೆ 'ಮಣ್ಣಿಗೆ ಹೋಗುವುದು'. ನೆಂಟರು, ನೆರೆಯವರು, ಮುನಿದವರು ಸಹ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದಿರುಗುತ್ತಾರೆ. ಅಂತಿಗೊನೆ ಚೆಲ್ಲಿದ್ದು ಗುಂಡಿ ತೋಡಿ ಮುಚ್ಚುವಷ್ಟು ಮಣ್ಣಲ್ಲ. ದೇಹದ ಮೇಲೆ ತೆಳುವಾಗಿ ಹರಡುವಷ್ಟು ಧೂಳು. ಆ ಒಂದು ಹಿಡಿಯೇ ಸಾಕೇ ಎಂದು ಪಾಶ್ಚಾತ್ಯ ವಿಮರ್ಶಕನು ಟಿಪ್ಪಣಿ ಬರೆಯಬೇಕಾದೀತು. ಶಿವಮೊಗ್ಗ ಸೀಮೆಯ ಹಳ್ಳಿಯ ಓದುಗನಿಗೆ ಟಿಪ್ಪಣಿ ಬೇಕಿಲ್ಲ.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ.ವಿ. ಕಾರಂತರು ನಿರ್ದೇಶಿಸಿದ ನಾಟಕಗಳಲ್ಲಿ ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯೊಡನೆ ಲಂಕೇಶರ 'ಈಡಿಪಸ್' ಅನುವಾದವೂ ಅವರದೇ ಆದ 'ಸಂಕ್ರಾಂತಿ'ಯೂ ಇದ್ದವು. 'ಸಂಕ್ರಾಂತಿ'ಯ ವಸ್ತು ಹನ್ನೆರಡನೆಯ ಶತಮಾನದ ಕಲ್ಯಾಣ. ಕೀಳೆನಿಸಿಕೊಂಡ ಕುಲದ ರುದ್ರ, ಮೇಲುಕುಲದ ಉಷೆ ಇವರ ಪ್ರೇಮವು ಬಿಜ್ಜಳನ ನ್ಯಾಯಾಸನದ ಮುಂದೆ ಬರುತ್ತದೆ. ಈ ನಾಟಕದ ಬಿಜ್ಜಳನು ಶಿವದ್ರೋಹಿಯ ಸಿದ್ಧಚಿತ್ರವಾಗಿರದೆ ರಾಜ್ಯ ಉಳಿಯಬೇಕೆಂಬ ಚಿಂತೆಯ ಲೌಕಿಕನಾಗಿರುವುದು ಕೆಲವು ಭಕ್ತರ ಮನಸ್ಸನ್ನು ನೋಯಿಸಬಹುದು. ಆದರೆ ಕ್ರೆಯಾನನನ್ನು ಅನುವಾದಿಸಿದ ಕೈಯೇ ಈ ಬಿಜ್ಜಳನನ್ನು ಚಿತ್ರಿಸಿತೆಂಬುದನ್ನು ನೆನೆದರೆ ವಿಷಯ ಬೇರೆಯಾಗಿ ಕಾಣುತ್ತದೆ. ಎದುರಾಳಿಯ ಮಾತಿಗೂ ಅದರ ಪೂರ್ಣ ಬಲವನ್ನು ಕೊಟ್ಟಲ್ಲದೆ ಸತ್ಯದ ಬಲ ತಿಳಿಯದೆಂಬುದು ಗ್ರೀಕ್ ರಂಗಭೂಮಿ ಕಲಿಸುವ ಪಾಠ. ಕಲ್ಯಾಣದ ಕಥೆಯನ್ನು ಆ ರೀತಿಯಲ್ಲಿ ನೋಡಿದ್ದರಿಂದ ಶರಣರ ತ್ಯಾಗ ಕುಂದಿಲ್ಲ. ಅದರ ಬೆಲೆ ಎಷ್ಟೆಂಬುದು ಹೆಚ್ಚು ಸ್ಪಷ್ಟವಾಗಿದೆ.

ಹಾಗಾದರೆ ಶರಣಧರ್ಮದ ಸಂಸ್ಕಾರವುಳ್ಳ ಓದುಗನು ಅಂತಿಗೊನೆಯನ್ನು ಹೇಗೆ ಓದಬೇಕು? ಅವಳನ್ನು ಅಕ್ಕಮಹಾದೇವಿಯೊಡನೆ ಸಮೀಕರಿಸುವ ಮೋಹ ಇಲ್ಲಿ ಸಹಜ. ಅಕ್ಕನೂ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ಅವಳೂ ದೊರೆಯ ಇಚ್ಛೆಗೆ ಮಣಿಯಲಿಲ್ಲ. ಕೌಶಿಕನು ಕೊಟ್ಟ ಮಾತನ್ನು ಮುರಿದಾಗ ಅವಳು ಅರಮನೆಯನ್ನು ತೊರೆದುದನ್ನು ಹರಿಹರನ ರಗಳೆ ವಿಸ್ತಾರವಾಗಿ ಹೇಳುತ್ತದೆ. ಇಬ್ಬರ ಮಾತಿನಲ್ಲಿಯೂ ಮದುವೆಯ ರೂಪಕವಿದೆ ಎಂಬುದೂ ನಿಜ. ಆದರೆ ಆ ರೂಪಕದಲ್ಲಿಯೇ ಅವರ ದಾರಿಗಳು ಅಗಲುತ್ತವೆ. ಅಕ್ಕನು ವರಿಸಿದ್ದು ಅಳಿವಿಲ್ಲದ, ಆಕಾರಕ್ಕೆ ಸಿಕ್ಕದ ಚೆನ್ನಮಲ್ಲಿಕಾರ್ಜುನನನ್ನು. ಅವಳ ನಡೆ ಕದಳಿಯ ಕಡೆಗೆ, ಬೆಳಕಿನ ಕಡೆಗೆ. ಹೀಮನನಿಗೆ ನಿಶ್ಚಯವಾಗಿದ್ದ ಅಂತಿಗೊನೆ ಮದುವೆಯನ್ನು ಕಾಣದೆಯೇ ಗುಹೆಯನ್ನು ತನ್ನ ಮದುವೆಯ ಕೋಣೆಯೆಂದು ಕರೆದು ಅಳುತ್ತಾಳೆ. ಅವಳು ನಂಬಿದ ದೇವತೆಗಳು ಅವಳಿಗಾಗಿ ಒಂದು ಮಾತನ್ನೂ ಆಡುವುದಿಲ್ಲ. ಅವಳ ಮಹತ್ತ್ವವಿರುವುದು ಇಲ್ಲಿಯೇ. ಕೈಹಿಡಿಯುವವರಿಲ್ಲವೆಂದು ತಿಳಿದೂ ಅವಳು ತನ್ನ ಕೃತ್ಯವನ್ನು ಅಲ್ಲಗಳೆಯುವುದಿಲ್ಲ. ಅಕ್ಕನ ಧೈರ್ಯವನ್ನು ಅಂತಿಗೊನೆಗೆ ಆರೋಪಿಸಿದರೆ ಅಂತಿಗೊನೆಯ ಅಳು ಕೇಳಿಸದಂತಾಗುತ್ತದೆ. ಅಂತಿಗೊನೆಯ ದುಃಖವನ್ನು ಅಕ್ಕನಿಗೆ ಆರೋಪಿಸಿದರೆ ಅಕ್ಕನ ಆನಂದಕ್ಕೆ ಅರ್ಥವಿಲ್ಲದಾಗುತ್ತದೆ. ಭೇದವನ್ನು ಉಳಿಸಿಕೊಳ್ಳುವುದೇ ಇಬ್ಬರಿಗೂ ಸಲ್ಲಿಸುವ ಗೌರವ.

ಇನ್ನೊಂದು ಭೇದವೂ ಮುಖ್ಯವಾದುದು. ಗ್ರೀಕರಲ್ಲಿ ಹೂಳದ ಹೆಣ ನಗರಕ್ಕೆಲ್ಲ ಮೈಲಿಗೆ. ಹಕ್ಕಿಗಳು ಹೆಣದ ತುಣುಕುಗಳನ್ನು ತಂದು ಯಜ್ಞವೇದಿಗಳನ್ನು ಕೆಡಿಸಿವೆಯೆಂದು ಕುರುಡ ಕಣಿಯ ಟೈರೀಸಿಯಸನು ಕ್ರೆಯಾನನಿಗೆ ಹೇಳುತ್ತಾನೆ. 'ಸಂಸ್ಕಾರ'ದ ಅಗ್ರಹಾರವನ್ನು ಉಪವಾಸ ಕೆಡವಿದ್ದೂ ಇಂಥದೇ ಸೂತಕ. ಪಂಚಸೂತಕಗಳನ್ನು ಒಪ್ಪದ, ಮರಣವನ್ನು ಲಿಂಗೈಕ್ಯವೆಂದು ಕಂಡ ಶರಣಮಾರ್ಗಕ್ಕೆ ಈ ಭಯವಿಲ್ಲ. ಹಾಗಿದ್ದ ಮೇಲೆ ಅಂತಿಗೊನೆಯ ದುರಂತ ಈ ಮಾರ್ಗದವರಿಗೆ ನಿರರ್ಥಕವಲ್ಲವೇ ಎಂದು ಕೇಳಬಹುದು. ಇಲ್ಲ, ಸೂತಕದ ಭಯವನ್ನು ಕಳೆದು ನೋಡಿದಾಗಲೇ ನಾಟಕದ ಒಂದು ಸೂಕ್ಷ್ಮ ಎದ್ದು ಕಾಣುತ್ತದೆ.

ಟೈರೀಸಿಯಸನ ಮಾತಿಗೆ ನಡುಗಿದ ಕ್ರೆಯಾನನು ಏನು ಮಾಡಲೆಂದು ಕೇಳಿದಾಗ ಮೇಳದ ಹಿರಿಯರು ಕೊಡುವ ಸಲಹೆ ಸ್ಪಷ್ಟವಾಗಿದೆ: ಹೋಗಿ ಆ ಹುಡುಗಿಯನ್ನು ಬಿಡಿಸು, ಬಿದ್ದವನಿಗೆ ಸಮಾಧಿ ಮಾಡು. ಕ್ರೆಯಾನನು ಒಪ್ಪಿ ಓಡುತ್ತಾನೆ. ಆದರೆ ಅವನು ಮೊದಲು ಹೋದದ್ದು ಹೆಣದ ಬಳಿಗೆ ಎಂಬುದು ಆಮೇಲೆ ದೂತನ ವರದಿಯಿಂದ ತಿಳಿಯುತ್ತದೆ. ಅದನ್ನು ತೊಳೆದು, ಸುಟ್ಟು, ದಿಬ್ಬವೇರಿಸಿ, ಸಕಲ ಕ್ರಿಯೆಗಳನ್ನು ಮುಗಿಸಿಕೊಂಡು ಅವನು ಗುಹೆಗೆ ಬರುವ ವೇಳೆಗೆ ಅಂತಿಗೊನೆ ನೇಣಿನಲ್ಲಿದ್ದಳು. ಅವಳನ್ನು ವರಿಸಬೇಕಾಗಿದ್ದ ಮಗ ಹೀಮನ್ ತಂದೆಯ ಕಣ್ಣೆದುರಿಗೇ ಇರಿದುಕೊಂಡ. ಸುದ್ದಿ ಕೇಳಿದ ಹೆಂಡತಿ ಯೂರಿಡಿಸಿಯೂ ಸತ್ತಳು. ಕ್ರೆಯಾನನು ಮೊದಲು ಸತ್ತವನ ಹಕ್ಕನ್ನು ಅಲಕ್ಷಿಸಿದ. ತಪ್ಪನ್ನು ತಿದ್ದಿಕೊಳ್ಳ ಹೊರಟಾಗ ಬದುಕಿದ್ದವಳನ್ನು ಮರೆತ. ಎರಡೂ ಸಲ ಅವನ ಕಣ್ಣಿಗೆ ಕಂಡದ್ದು ವಿಧಿ, ವ್ಯಕ್ತಿ ಕಾಣಲಿಲ್ಲ. ನಾಟಕದ ಓದುಗರು ಸಾಮಾನ್ಯವಾಗಿ ದಾಟಿಬಿಡುವ ಈ ಹಿಂದುಮುಂದನ್ನು, ಸ್ಥಾವರಕ್ಕಿಂತ ಜಂಗಮಕ್ಕೆ ಮೊದಲ ಸ್ಥಾನವಿತ್ತ ಪರಂಪರೆಯ ಓದುಗನು ಗುರುತಿಸಬಲ್ಲ. 'ಸಂಸ್ಕಾರ'ದ ಅಗ್ರಹಾರವೂ ಇದೇ ತಪ್ಪನ್ನು ಮಾಡುತ್ತದೆ. ಸತ್ತವನ ಕುಲವನ್ನು ಚರ್ಚಿಸುವ ಗದ್ದಲದಲ್ಲಿ, ಅವನೊಡನೆ ಬಾಳಿದ ಚಂದ್ರಿಯ ಗತಿಯೇನೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ತನ್ನ ಪರಂಪರೆಯ ಬೆಳಕಿನಲ್ಲಿ ಅನ್ಯಕೃತಿಯನ್ನು ಓದುವುದೆಂದರೆ ಇದು. ಆ ಬೆಳಕು ಕೃತಿಯನ್ನು ತನ್ನ ಬಣ್ಣಕ್ಕೆ ತಿರುಗಿಸಬಾರದು. ಅದರಲ್ಲಿಯೇ ಇದ್ದು ಕಾಣದೆ ಉಳಿದದ್ದನ್ನು ಕಾಣಿಸಬೇಕು. ಶ್ರೀಕಂಠಯ್ಯನವರು ಗ್ರೀಕ್ ವೀರನಿಗೆ ಕನ್ನಡದ ಹೆಸರಿಟ್ಟು ಬಾಗಿಲು ತೆರೆದರು. ಕುವೆಂಪು ಹೋಮರನ ಕಣ್ಣಿನಿಂದ ಮಲೆನಾಡನ್ನು ನೋಡಿದರು. ಅನಂತಮೂರ್ತಿ ಗ್ರೀಕರ ಹೆಸರೆತ್ತದೆಯೇ ಅವರ ಪ್ರಶ್ನೆಯನ್ನು ಅಗ್ರಹಾರದ ಬೀದಿಯಲ್ಲಿ ಇಳಿಸಿದರು. ಲಂಕೇಶರು ದೂರವನ್ನು ದೂರವಾಗಿಯೇ ಬಿಟ್ಟು ಮಾತನ್ನು ಹತ್ತಿರ ತಂದರು. ಈ ನಾಲ್ಕರಲ್ಲಿ ಕೊನೆಯ ಎರಡು ಮಾರ್ಗಗಳು ಹೆಚ್ಚು ಫಲವತ್ತಾದುವೆಂಬುದು ಕೃತಿಗಳಿಂದಲೇ ಸಿದ್ಧವಾಗುತ್ತದೆ. ಏಕೆಂದರೆ ಅವು ಸಿದ್ಧ ಉತ್ತರವನ್ನು ಕೊಟ್ಟು ಓದುಗನನ್ನು ಮನೆಗೆ ಕಳುಹಿಸುವುದಿಲ್ಲ.

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆ ನಾಡಿನಲ್ಲಿ ಬಳಕೆಯಲ್ಲಿದೆ. ಸತ್ತವನ ಗುಣ ಅವನ ಮರಣದಲ್ಲಿ ಕಾಣುವಂತೆ, ಉಳಿದವರ ಗುಣ ಆ ಮರಣದ ಮುಂದೆ ಅವರು ನಡೆದುಕೊಂಡ ರೀತಿಯಲ್ಲಿ ಕಾಣುತ್ತದೆ ಎಂಬುದನ್ನು ಸೊಫೊಕ್ಲೀಸನು ಎರಡು ಸಾವಿರದ ನಾನೂರು ವರ್ಷಗಳಿಗೂ ಹಿಂದೆ ರಂಗದ ಮೇಲೆ ತೋರಿಸಿದ. ಮಣ್ಣಿಗೆ ಹೋಗಿ ಒಂದು ಹಿಡಿ ಹಾಕಿ ಬಂದವರೆಲ್ಲರಿಗೂ ಆ ನಾಟಕ ಅರ್ಥವಾಗುತ್ತದೆ. ಹಿಂದಿರುಗುವಾಗ ಆ ಮನೆಯಲ್ಲಿ ಉಳಿದವರ ಮುಖವನ್ನು ನೋಡಿದವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.